ರೊಟ್ಟಿ ಬಡಿಯುವುದಿಲ್ಲ ಎಂದು ಹಾಕಿದ ಸಹಿ

ಬಂಜಾರಾ ಹಿಲ್ಸ್ ಎಂಬ ಹೆಸರು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಹೈದರಾಬಾದಿನ ಆ ಭಾಗಕ್ಕೆ ನಮ್ಮ ಬೀದರ ಜಿಲ್ಲೆಯವರು ಹೋಗುವುದು ಎರಡೇ ಕಾರಣಕ್ಕೆ. ಅನುಕೂಲ ಇದ್ದವರು ಮದುವೆಯ ಬಂಗಾರ ಕೊಳ್ಳಲು ಹೋಗುತ್ತಾರೆ. ಉಳಿದವರು, ಬೀದರಿನ ಡಾಕ್ಟರು ತಲೆ ಅಲ್ಲಾಡಿಸಿ ಚೀಟಿ ಬರೆದುಕೊಟ್ಟ ಮೇಲೆ, ದೊಡ್ಡ ಆಸ್ಪತ್ರೆ ಹುಡುಕಿಕೊಂಡು ಹೋಗುತ್ತಾರೆ. ನಾನು ನನ್ನ ಅಕ್ಕನನ್ನು ಕರೆದುಕೊಂಡು ಹೋಗಿದ್ದು ಆ ಚೀಟಿ ಹಿಡಿದು.

ಅಲ್ಲಿ ರಸ್ತೆಗಳಿಗೆ ಹೆಸರಿಲ್ಲ, ನಂಬರು. ನಿಮ್ಮ ರಸ್ತೆಯ ನಂಬರು ಹೇಳಿದರೆ ಸಾಕು, ಎದುರಿಗಿರುವವನು ನಿಮ್ಮ ಜೊತೆ ಎಷ್ಟು ಮೆತ್ತಗೆ ಮಾತಾಡಬೇಕು ಎಂದು ನಿರ್ಧರಿಸುತ್ತಾನೆ. ಬಂಡೆ ಒಡೆದು ಬಂಗಲೆ ಕಟ್ಟಿದ್ದರು, ಈಗ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಮುಖ್ಯ ರಸ್ತೆಗೆ ಬಂದರೆ ಒಡವೆ ಅಂಗಡಿ, ಕಾರಿನ ಶೋರೂಮು, ಬ್ಯಾಂಕು, ಗಾಜಿನ ಆಫೀಸು, ಒಂದು ಕಪ್ ಕಾಫಿಗೆ ನಮ್ಮ ಒಂದು ವಾರದ ಸಂತೆಯ ದುಡ್ಡು ಕೇಳುವ ಹೋಟೆಲು. ನಡೆದು ಹೋಗುವವರಿಗೆ ಒಂದು ಗೇಣು ಫುಟ್‌ಪಾತ್ ಇಲ್ಲ. ನಾಯಿಯನ್ನು ನಡೆಸಲು ಮಾತ್ರ ಮನೆಗೊಬ್ಬ ಆಳು ಇದ್ದಾನೆ.

ಆ ಗುಡ್ಡದ ಮೇಲೆ ಹಿಂದೆ ಬಂಜಾರರ ತಾಂಡಾ ಇತ್ತಂತೆ. ನಮ್ಮ ಔರಾದ ತಾಲೂಕಿನಲ್ಲಿ ತಾಂಡಾಗಳು ಈಗಲೂ ಇವೆ, ಅಲ್ಲಿನ ಮಕ್ಕಳಿಗೆ ನಾನು ಆರು ವರ್ಷ ಅಕ್ಷರ ಕಲಿಸಿದ್ದೇನೆ. ಬಂಜಾರಾ ಹಿಲ್ಸಿನಲ್ಲಿ ಇದ್ದ ನಾಲ್ಕು ತಿಂಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಲಂಬಾಣಿ ಹೆಂಗಸು ಒಬ್ಬಳೇ. ಹೊಸ ಕಟ್ಟಡದ ಗುಂಡಿಯಿಂದ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದಳು. ಜನರನ್ನು ಓಡಿಸಿ ಹೆಸರನ್ನು ಮಾತ್ರ ಇಟ್ಟುಕೊಳ್ಳುವ ಜಾಣತನ ನನಗೆ ಮೊದಲ ವಾರವೇ ಅರ್ಥವಾಯಿತು.

ನಮಗೆ ಇರಲು ಜಾಗ ಕೊಟ್ಟವಳು ಭಾಲ್ಕಿಯ ಸಾಲಿಯಲ್ಲಿ ನನ್ನ ಹತ್ತಿರ ಕಲಿತ ಹುಡುಗಿ. ಈಗ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಬೇರೆ ರಾಜ್ಯಕ್ಕೆ ವರ್ಗವಾಗಿ, ಎರಡನೇ ಮಹಡಿಯ ತನ್ನ ಫ್ಲ್ಯಾಟಿಗೆ ಬೀಗ ಹಾಕಿಕೊಂಡು ಹೋಗಿದ್ದಳು. ಅಕ್ಕನ ಸುದ್ದಿ ಕೇಳಿದವಳೇ ಬೀಗದ ಕೈಯನ್ನು ಕೊರಿಯರ್‌ನಲ್ಲಿ ಕಳಿಸಿದಳು. "ಟೀಚರ್, ನಿಮ್ಮದೇ ಮನಿ ಅಂತ ತಿಳ್ಕೊಂಡು ಇರ್ರಿ. ಗ್ಯಾಸ್ ಅದ, ಫ್ರಿಜ್ ಅದ. ಯಾರ್ನೂ ಕೇಳಬ್ಯಾಡ್ರಿ," ಎಂದು ಫೋನಿನಲ್ಲಿ ಹೇಳಿದಳು. ನಾವು ಭಾಲ್ಕಿಯಲ್ಲಿ ರೈಲು ಹತ್ತಿದಾಗ ನಮ್ಮ ಜೊತೆ ಎರಡು ಚೀಲ ಬಟ್ಟೆ, ಒಂದು ಚೀಲ ಜೋಳದ ಹಿಟ್ಟು, ಒಂದು ಹಂಚು ಮತ್ತು ರೊಟ್ಟಿ ಬಡಿಯುವ ಪರಾತ ಇದ್ದವು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಐದು ವರ್ಷ. ಭಾಲ್ಕಿ ಹತ್ತಿರದ ನಮ್ಮೂರು ಹಲಬರ್ಗಾದ ಮನೆಯಲ್ಲಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ನನಗೆ ತಲೆ ಬಾಚಿ ಸಾಲಿಗೆ ಕಳಿಸಿ, ಆಮೇಲೆ ಮಂದಿಯ ಹೊಲದಲ್ಲಿ ತೊಗರಿ ಕೊಯ್ಯಲು ಹೋಗುತ್ತಿದ್ದವಳು ಅವಳು. ಸಾಲಿಯ ಮುಖ ಅವಳು ನೋಡಲಿಲ್ಲ. ನಾನು ಬೀದರಿನಲ್ಲಿ ಟೀಚರ್ ತರಬೇತಿಗೆ ಸೇರಿದಾಗ ಹಾಸ್ಟೆಲಿನ ಅನ್ನ ನನಗೆ ಒಗ್ಗಲಿಲ್ಲ. ಪ್ರತಿ ಶನಿವಾರ ಖಡಕ್ ರೊಟ್ಟಿಯ ಗಂಟನ್ನು ಬಸ್ ಕಂಡಕ್ಟರನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ನಾನು ಬಸ್‌ ಸ್ಟ್ಯಾಂಡಿನಲ್ಲಿ ಕಾದಿದ್ದು ಇಸಿದುಕೊಳ್ಳುತ್ತಿದ್ದೆ. ಎರಡು ವರ್ಷ ಒಂದು ಶನಿವಾರವೂ ತಪ್ಪಲಿಲ್ಲ.

ಅವಳ ಹೊಟ್ಟೆಯಲ್ಲಿ ಗಡ್ಡೆ ಇತ್ತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಲಗಿಸಿ ನರಕ್ಕೆ ಔಷಧ ಏರಿಸುತ್ತಿದ್ದರು. ಪ್ರತಿ ಸಲ ಮೊದಲು ತೂಕ ನೋಡುತ್ತಿದ್ದರು. ಡಾಕ್ಟರು ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, ತೂಕ ಇಳಿದರೆ ಮುಂದಿನ ಡೋಸ್ ಕೊಡಲು ಬರುವುದಿಲ್ಲ, ಡೋಸ್ ಮುಂದೆ ಹೋದಷ್ಟೂ ಗಡ್ಡೆಗೆ ಬಲ ಬರುತ್ತದೆ, ಏನಾದರೂ ಮಾಡಿ ತಿನ್ನಿಸಿ ಎಂದಿದ್ದರು. ತಿನ್ನಿಸುವುದು ಹೇಗೆ? ಅನ್ನದ ವಾಸನೆಗೇ ಅವಳಿಗೆ ವಾಂತಿ. ಇಡ್ಲಿ ತಂದೆ, ಬ್ರೆಡ್ ತಂದೆ, ಡಬ್ಬಿಯ ಪುಡಿ ಕಲಸಿ ಕೊಟ್ಟೆ. ಎಲ್ಲ ಬಚ್ಚಲಿಗೆ ಹೋಯಿತು.

ಒಳಕ್ಕೆ ಹೋಗಿ ಉಳಿಯುತ್ತಿದ್ದದ್ದು ಬಿಸಿ ಜೋಳದ ರೊಟ್ಟಿ ಒಂದೇ. ಅದೂ ಬೆಳಿಗ್ಗೆ ಆರೂವರೆಗೆ. ಏಳಕ್ಕೆ ಮಾತ್ರೆ ನುಂಗಿದರೆ ಮುಗಿಯಿತು, ದಿನವಿಡೀ ಬಾಯಿ ಕಹಿ. ಆ ಅರ್ಧ ತಾಸಿನಲ್ಲಿ ನಾನು ಎಸರಿಟ್ಟು, ಹಿಟ್ಟು ನಾದಿ, ಪರಾತದಲ್ಲಿ ರೊಟ್ಟಿ ಬಡಿಯಲು ಶುರು ಮಾಡಿದರೆ ಪಕ್ಕದ ಕೋಣೆಯಲ್ಲಿ ಅಕ್ಕ ತಾನಾಗಿಯೇ ಎದ್ದು ಕೂರುತ್ತಿದ್ದಳು. "ಸಪ್ಪಳ ಕೇಳಿದ್ರ ಹೊಟ್ಟಿ ಏಳ್ತದ ನೋಡು," ಎನ್ನುತ್ತಿದ್ದಳು. ಬಿಸಿ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ ಕೊಟ್ಟರೆ ಮುಖ ಸಿಂಡರಿಸದೆ ಒಂದು ರೊಟ್ಟಿ ಪೂರ್ತಿ ತಿನ್ನುತ್ತಿದ್ದಳು. ನನ್ನ ಕೈಯ ಬಡಿತಕ್ಕೆ ನಡುನಡುವೆ ಹೆಸರೂ ಇಡುತ್ತಿದ್ದಳು. ಹಲಬರ್ಗಾದ ನಮ್ಮ ಓಣಿಯಲ್ಲಿ ಹಾಸಿಗೆಯಲ್ಲಿ ಮಲಗಿಯೇ ಯಾವ ಮನೆಯಲ್ಲಿ ಇಂದು ಅತ್ತೆ ಬಡಿಯುತ್ತಿದ್ದಾಳೆ, ಯಾವ ಮನೆಯಲ್ಲಿ ಸೊಸೆ ಬಡಿಯುತ್ತಿದ್ದಾಳೆ ಎಂದು ಹೇಳಬಹುದು. ಪ್ರತಿ ಕೈಗೂ ತನ್ನದೇ ಲಯ ಇರುತ್ತದೆ. ನನ್ನದು ಅಕ್ಕನ ಪ್ರಕಾರ "ಟೀಚರ್ ಕೈ, ಹಾಜರಿ ಕರದಂಗ."

ಎರಡನೇ ಡೋಸಿಗೆ ತೂಕ ಇಳಿದಿರಲಿಲ್ಲ. ನರ್ಸ್ ಅದನ್ನು ಬರೆದುಕೊಂಡಾಗ ನನಗೆ ಪರೀಕ್ಷೆ ಪಾಸಾದಷ್ಟು ಸಂತೋಷವಾಯಿತು.

ಮೂರನೇ ಡೋಸಿಗೆ ನಾಲ್ಕು ದಿನ ಇರುವಾಗ ವಾಚ್‌ಮನ್ ಮೇಲೆ ಬಂದ. ಐವತ್ತು ದಾಟಿದ ಮನುಷ್ಯ, ಕಮಲನಗರದ ಕಡೆಯವನು, ಅರ್ಧ ಕನ್ನಡ ಅರ್ಧ ಮರಾಠಿ ಮಾತು. ನಾವು ಬಂದ ದಿನವೇ ನನ್ನ ಪರಾತ ನೋಡಿ ಊರು ಯಾವುದೆಂದು ಕೇಳಿ, ಭಾಲ್ಕಿ ಎಂದಾಗ ಚೀಲಗಳನ್ನೆಲ್ಲ ತಾನೇ ಹೊತ್ತು ತಂದಿದ್ದ. ಈ ಸಲ ಅವನ ಕೈಯಲ್ಲಿ ಉದ್ದನೆಯ ರಿಜಿಸ್ಟರ್ ಇತ್ತು, ಮುಖ ನೆಲ ನೋಡುತ್ತಿತ್ತು.

"ಟೀಚರ್, ತಪ್ಪ್ ತಿಳ್ಕೋಬ್ಯಾಡ್ರಿ. ರೊಟ್ಟಿ ಬಡಿಯೋದು ಬಂದ್ ಮಾಡ್ರಿ ಅಂತ ಹೇಳ್ಲಾಕ ಕಳ್ಸ್ಯಾರ್ರಿ. ಕೆಳಗಿನ ಮನಿಯವರಿಗಿ ನಿದ್ದಿ ಕೆಡ್ಲತ್ತದಂತ್ರಿ."

ರಿಜಿಸ್ಟರಿನಲ್ಲಿ ಕಟ್ಟಡದ ಸಂಘದವರು ಇಂಗ್ಲಿಷಿನ ಒಂದು ನೋಟಿಸ್ ಅಂಟಿಸಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಮೊದಲು ಗೋಡೆ ಕೊರೆಯುವುದು, ಸುತ್ತಿಗೆಯಿಂದ ಬಡಿಯುವುದು, ಅಂಥ ಯಾವುದೇ ಕೆಲಸ ಮಾಡುವುದಿಲ್ಲ ಎಂದು ಒಪ್ಪಿ ಸಹಿ ಮಾಡಬೇಕು. ಮಾಡದಿದ್ದರೆ ಮನೆಯ ಮಾಲೀಕರಿಗೆ ಪತ್ರ ಹೋಗುತ್ತದೆ, ಅತಿಥಿಗಳು ಮನೆ ಬಿಡಬೇಕಾಗುತ್ತದೆ. ಕೆಳಗೆ ನಮ್ಮ ಫ್ಲ್ಯಾಟಿನ ನಂಬರು, ಮುಂದೆ ಖಾಲಿ ಗೆರೆ. ಎದುರಿನ ರಸ್ತೆಯಲ್ಲಿ ಬೆಳಗಿನ ಜಾವದಿಂದ ಬಂಡೆ ಒಡೆಯುವ ಯಂತ್ರ ಕಿರುಚುತ್ತಿತ್ತು. ಅದಕ್ಕೆ ನೋಟಿಸ್ ಇರಲಿಲ್ಲ. ಒಂದು ರೊಟ್ಟಿಗೆ ಮೂವತ್ತು ಏಟು ಬೀಳುತ್ತದೋ ನಲವತ್ತೋ, ನಾನು ಬಡಿಯುತ್ತಿದ್ದದ್ದು ಮೂರು ರೊಟ್ಟಿ.

ನಾನು ಸಹಿ ಹಾಕಿದೆ. ಎರಡನೇ ಮಾತಾಡದೆ ಹಾಕಿದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಬಿಟ್ಟು ಪೆನ್ನು ಹಿಡಿದ ಮೊದಲನೆಯವಳು ನಾನು. ಯಾರಾದರೂ ರಿಜಿಸ್ಟರ್ ಮುಂದೆ ಹಿಡಿದರೆ ನನ್ನ ಕೈ ತಾನಾಗಿ ಪೆನ್ನು ಹುಡುಕುತ್ತದೆ. ಮೂವತ್ತನಾಲ್ಕು ವರ್ಷ ಹಾಜರಿ ಪುಸ್ತಕ, ಬಿಸಿಯೂಟದ ಪುಸ್ತಕ, ಜನಗಣತಿ, ಚುನಾವಣೆ, ಕಂಡಲ್ಲೆಲ್ಲ ಸಹಿ ಹಾಕಿದ ಕೈ ಅದು. ನಮ್ಮ ಓಣಿಯಿಂದ ಓದಿ ನೌಕರಿ ಹಿಡಿದವರಿಗೆಲ್ಲ ಈ ರೋಗ ಇದೆ. ಕಾಗದ ಯಾರದು ಎಂದು ನೋಡುವ ಮೊದಲು ನಮಗೂ ಸಹಿ ಬರುತ್ತದೆ ಎಂದು ತೋರಿಸಿಕೊಳ್ಳುವ ಆತುರ.

ಮರುದಿನ ಪರಾತದ ಕೆಳಗೆ ಎರಡು ಕಂಬಳಿ ಮಡಿಸಿ ಹಾಕಿದೆ. ಮೆತ್ತನೆಯ ನೆಲದ ಮೇಲೆ ರೊಟ್ಟಿ ಹರಡುವುದಿಲ್ಲ, ಅಂಚು ಹರಿಯುತ್ತದೆ. ಬಡಿಯುವುದು ಬಿಟ್ಟು ಬೆರಳ ತುದಿಯಿಂದ ಒತ್ತಿ ಒತ್ತಿ, ಹೆಂಗೋ ಒಂದು ದಪ್ಪನೆಯ ರೊಟ್ಟಿ ಮಾಡಿ ಹಾಲಿನಲ್ಲಿ ಮುರಿದು ತೆಗೆದುಕೊಂಡು ಹೋದೆ. ಅಕ್ಕ ಇನ್ನೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಇವತ್ತ ರೊಟ್ಟಿ ಮಾಡಿಲ್ಲೇನು?"

"ಇದೇನ್ ಮತ್ತ, ಕೈಯಾಗ ಹಿಡ್ಕೊಂಡ್ ನಿಂತೀನಲ್ಲ."

"ಸಪ್ಪಳೇ ಬರ್ಲಿಲ್ಲ," ಎಂದಳು. ಎರಡು ತುತ್ತು ತಿಂದು ಬಟ್ಟಲು ಸರಿಸಿದಳು. ಎರಡನೇ ದಿನ ಒಂದು ತುತ್ತು. ಮೂರನೇ ದಿನ ಬಟ್ಟಲು ಮುಟ್ಟಲಿಲ್ಲ. ನೋಟಿಸಿನ ವಿಷಯ ನಾನು ಹೇಳಿರಲಿಲ್ಲ. ಸಂಕಟದಲ್ಲಿದ್ದವಳಿಗೆ ಇನ್ನೊಂದು ಯಾಕೆ ಎಂದು ನಾನೇ ನನಗೆ ಸಮಜಾಯಿಷಿ ಕೊಟ್ಟುಕೊಂಡಿದ್ದೆ.

ನಾಲ್ಕನೇ ದಿನ ಆಸ್ಪತ್ರೆ. ತೂಕದ ಯಂತ್ರದ ಮೇಲೆ ನಿಂತ ಅಕ್ಕನ ಸೀರೆ ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ನರ್ಸ್ ಎರಡು ಸಲ ನೋಡಿದಳು. ಡಾಕ್ಟರು ಡೋಸ್ ಒಂದು ವಾರ ಮುಂದೆ ಹಾಕಿದರು. "ಏನೂ ತಿನ್ನುತ್ತಿಲ್ಲವೇ?" ಎಂದು ನನ್ನನ್ನು ಕೇಳಿದರು. ತಿನ್ನುತ್ತಿದ್ದಳು ಸರ್, ನಾನೇ ನಿಲ್ಲಿಸಿದೆ ಎನ್ನುವ ಬದಲು ಹೊಸ ತಾರೀಖು ಬರೆಸಿಕೊಂಡು ಬಂದೆ.

ಅಂದು ಸಂಜೆ ತಾಳ್ಮೆ ತಂದುಕೊಂಡು ನಾಲ್ಕು ರೊಟ್ಟಿ ಮಾಡಿದೆ. ಸ್ಟೀಲಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಇಟ್ಟು, ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಇಟ್ಟುಕೊಂಡು ಕೆಳಗಿನ ಮನೆಯ ಗಂಟೆ ಒತ್ತಿದೆ. ನೆರೆಮನೆಗೆ ಮಾತಾಡಲು ಹೋಗುವಾಗ ಬರಿಗೈಲಿ ಹೋಗಬಾರದು, ಅವರೂ ಡಬ್ಬಿಯನ್ನು ಬರಿದಾಗಿ ವಾಪಸ್ ಕೊಡಬಾರದು. ನಮ್ಮ ಕಡೆ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಬಾಗಿಲು ತೆರೆದ ಹೆಂಗಸು ನನ್ನ ವಯಸ್ಸಿನವಳೇ. ಬಹಳ ನಯ. ಹಿಂದಿಯಲ್ಲಿ ಅಕ್ಕನ ಕಾಯಿಲೆಯ ಕಥೆ ಹೇಳಿದೆ, ಬೆಳಗಿನ ಅರ್ಧ ತಾಸಿನ ಕಥೆ ಹೇಳಿದೆ. ಅಯ್ಯೋ ಪಾಪ ಎಂದಳು. ಯಾವ ಊರು ಎಂದಳು, ಹೇಳಿದೆ. ಏನು ಕೆಲಸ ಎಂದಳು, ಹೇಳಿದೆ. ಆಮೇಲೆ ಪೂರ್ತಿ ಹೆಸರು ಕೇಳಿದಳು. ಅಡ್ಡಹೆಸರು ಸೇರಿಸಿ ಹೇಳಿದೆ. "ಅಚ್ಛಾ," ಎಂದಳು, ನಗುತ್ತಲೇ. ಡಬ್ಬಿಯನ್ನು ಅಲ್ಲೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡಿ ಎಂದಳು.

ಮರುದಿನ ಮಧ್ಯಾಹ್ನ ವಾಚ್‌ಮನ್ ಡಬ್ಬಿ ತಂದುಕೊಟ್ಟ. ಎತ್ತಿಕೊಂಡಾಗಲೇ ಭಾರ ಗೊತ್ತಾಯಿತು. ನಾಲ್ಕೂ ರೊಟ್ಟಿ ಹಾಗೇ ಇದ್ದವು, ಶೇಂಗಾ ಹಿಂಡಿಯ ಗುಪ್ಪೆ ಕೂಡ ಕದಲಿರಲಿಲ್ಲ. ಹೊರಗಿನ ತಿಂಡಿ ನಾವು ತೆಗೆದುಕೊಳ್ಳುವುದಿಲ್ಲ, ಟೈಮಿನ ವಿಷಯ ಮಾತ್ರ ನೆನಪಿರಲಿ ಎಂದು ಹೇಳಿ ಕಳಿಸಿದ್ದರು.

ಅದು ಆರೋಗ್ಯದ ಭಯವೋ, ನನ್ನ ಅಡ್ಡಹೆಸರಿನ ಭಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಸಿಟ್ಟು ಇರುವುದೇ ಅಲ್ಲಿ. ನಾವು ಬುದ್ಧನ ಪಟ ಇಟ್ಟುಕೊಂಡ ಮನೆಯವರು. ನನ್ನ ಅಪ್ಪನ ಕಾಲದಲ್ಲಿ ನಮ್ಮ ಮನೆಯ ರೊಟ್ಟಿಯನ್ನು ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ, ಅದನ್ನು ಮುಖದ ಮೇಲೆ ಹೇಳುತ್ತಿದ್ದರು. ಹೇಳಿದ್ದರಿಂದಲೇ ಅಪ್ಪನಂಥವರು ಎದ್ದುನಿಂತು ಜಗಳವಾಡಿದರು. ಈಗ ಬುದ್ಧ ಹುಣ್ಣಿಮೆಯ ಪಾಯಸಕ್ಕೆ ಹಲಬರ್ಗಾದ ಅದೇ ಮನೆಗಳವರು ನಮ್ಮ ಪಡಸಾಲೆಯಲ್ಲಿ ಕೂತು ಉಣ್ಣುತ್ತಾರೆ. ಈ ಗುಡ್ಡದ ಮೇಲಿನವರು ಏನನ್ನೂ ಹೇಳುವುದಿಲ್ಲ. ನಗುತ್ತಾರೆ, ಪೂರ್ತಿ ಹೆಸರು ಕೇಳುತ್ತಾರೆ, ಡಬ್ಬಿ ವಾಪಸ್ ಕಳಿಸುತ್ತಾರೆ. ಜಗಳಕ್ಕೆ ಹೋದರೆ ನಾವೇ ಹುಚ್ಚರಾಗಬೇಕು.

ಡಬ್ಬಿ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಾಗ ಅಕ್ಕ ಗೋಡೆ ಹಿಡಿದುಕೊಂಡು ಬಂದಳು. ತುಂಬಿದ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು. ಮುಚ್ಚಿಡಲು ಆಗಲಿಲ್ಲ. ನೋಟಿಸು, ಕಂಬಳಿ, ಕೆಳಗಿನ ಮನೆ, ಎಲ್ಲ ಹೇಳಿಬಿಟ್ಟೆ. ಅವಳು ಕುರ್ಚಿಯ ಮೇಲೆ ಕೂತು ಕೇಳಿದಳು.

"ಆ ಕಾಗದದಾಗ ಏನ್ ಬರ್ದಿತ್ತು?"

"ಹತ್ತು ಗಂಟಿ ತನಕ ಬಡಿಯಂಗಿಲ್ಲ ಅಂತ."

"ನೀ ಓದಿದಿ?"

"ಓದಿದೆ."

"ಓದಿನೂ ಸಹಿ ಹಾಕಿದಿ?"

ನಾನು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ.

"ನನಗ ಓದ್ಲಾಕ ಬರಂಗಿಲ್ಲ. ನಾ ಹೆಬ್ಬೆಟ್ ಒತ್ತಿದ್ರ ಒಂದು ಮಾತು," ಎಂದು ಅಕ್ಕ ಮೆಲ್ಲಗೆ ಎದ್ದಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ನಾನು ಚಪ್ಪಲಿ ಮೆಟ್ಟಿ, ಡಬ್ಬಿ ಹಿಡಿದುಕೊಂಡೇ ಕೆಳಗೆ ಗೇಟಿಗೆ ಹೋದೆ. ವಾಚ್‌ಮನ್‌ನಿಂದ ರಿಜಿಸ್ಟರ್ ಇಸಿದುಕೊಂಡು ನನ್ನ ಸಹಿಯ ಕೆಳಗೆ ಕನ್ನಡದಲ್ಲಿ ಬರೆದೆ: ನಮ್ಮ ಮನೆಯಲ್ಲಿ ರೋಗಿ ಇದ್ದಾರೆ. ಅವರಿಗೆ ಹಸಿವಾಗುವುದು ಬೆಳಿಗ್ಗೆ ಆರೂವರೆಗೆ. ಆ ಹೊತ್ತಿಗೆ ಮೂರು ರೊಟ್ಟಿ ಬಡಿಯುತ್ತೇನೆ. ಮೇಲೆ ಹಾಕಿದ ಸಹಿ ರದ್ದು. ಅದರ ಕೆಳಗೆ ಹೊಸ ಸಹಿ ಹಾಕಿದೆ.

ವಾಚ್‌ಮನ್ ಬೆರಳಿಟ್ಟು ಸಾಲು ಸಾಲಾಗಿ ಓದಿದ. "ಟೀಚರ್, ಇಲ್ಲಿ ಯಾರಿಗೂ ಕನ್ನಡ ಓದ್ಲಾಕ ಬರಂಗಿಲ್ರಿ."

"ಬರೋರ್ನ ಹುಡ್ಕಿ ಅವರೇ ಓದಿಸ್ಕೊಳ್ಲಿ. ನಾ ಅವರ ಇಂಗ್ಲಿಷ್ ಓದಿಲ್ಲೇನು?" ಎಂದೆ. ಅವನ ಕೈಗೆ ಆ ರೊಟ್ಟಿ ಡಬ್ಬಿ ಕೊಟ್ಟೆ. ಅರ್ಧ ತಾಸಿಗೆ ಡಬ್ಬಿ ತೊಳೆದು ವಾಪಸ್ ತಂದ. ಒಳಗೆ ಒಂದು ಮುಷ್ಟಿ ಹುರಿದ ಕಡಲೆ ಇತ್ತು.

ಮರುದಿನ ಬೆಳಿಗ್ಗೆ ಕಂಬಳಿ ತೆಗೆದು ಮೂಲೆಗೆ ಎಸೆದು ಎಸರಿಟ್ಟೆ. ಹಿಟ್ಟು ನಾದುತ್ತಿರುವಾಗ ಅಕ್ಕ ಬಂದು, "ಅತ್ಲಾಗ ಸರಿ, ಒಂದು ನಾ ಬಡೀತೇನಿ," ಎಂದಳು. ಬೇಡ ಎಂದರೆ ಕೇಳುವವಳಲ್ಲ. ಪರಾತ ನೆಲಕ್ಕೆ ಇಟ್ಟುಕೊಟ್ಟೆ. ಕೂತು, ಒಣ ಹಿಟ್ಟು ಉದುರಿಸಿ, ಎಲುಬಷ್ಟೇ ಉಳಿದಿದ್ದ ಕೈಯಿಂದ ಬಡಿಯತೊಡಗಿದಳು. ಎರಡು ದೊಡ್ಡ ಏಟು, ಮೂರು ಸಣ್ಣ ಏಟು, ಒಂದು ಸುತ್ತು ತಿರುವು. ನನ್ನನ್ನು ಐದನೇ ವಯಸ್ಸಿನಿಂದ ಎಬ್ಬಿಸಿದ ಸಪ್ಪಳ ಅದು. ಆ ಮನೆಯ ಕಪ್ಪು ಗ್ರಾನೈಟ್ ನೆಲದ ಮೇಲೆ ಇಡೀ ಕಟ್ಟಡಕ್ಕೆ ಕೇಳಿಸುವಂತೆ ಬಂತು. ನಾನು ಹಂಚಿನ ಮುಂದೆ ನಿಂತು ಅತ್ತೆ.

ಗೋಡೆಯ ಇಂಟರ್‌ಕಾಮ್ ರಿಂಗಾಯಿತು. ಜಗಳಕ್ಕೆ ಸಿದ್ಧಳಾಗಿಯೇ ಎತ್ತಿಕೊಂಡೆ. ವಾಚ್‌ಮನ್.

"ಟೀಚರ್, ಇವತ್ತ ಕೈ ಬ್ಯಾರೆ ಅದಲ್ರಿ?" ಎಂದ.

"ಹೌದ್ರಿ. ನಮ್ಮ ಅಕ್ಕಂದು," ಎಂದೆ.

ಅಕ್ಕ ಅಂದು ಒಂದೂವರೆ ರೊಟ್ಟಿ ತಿಂದಳು. ಕಟ್ಟಡದವರು ನನ್ನ ಹಳೆಯ ವಿದ್ಯಾರ್ಥಿನಿಗೆ ಪತ್ರ ಬರೆದರು. ಅವಳು ನನಗೆ ಫೋನ್ ಮಾಡಿ, "ಬಡೀರಿ ಟೀಚರ್, ಏನ್ ಮಾಡ್ತಾರ ನೋಡ್ತೇನಿ," ಎಂದಳು. ಯಾರೂ ಏನೂ ಮಾಡಲಿಲ್ಲ. ಮೊದಲ ದಿನವೇ ಇಲ್ಲ ಎಂದಿದ್ದರೂ ಏನೂ ಮಾಡುತ್ತಿರಲಿಲ್ಲ ಎಂಬುದು ಆಗ ತಿಳಿಯಿತು. ತಡವಾದ ಡೋಸು, ಉಳಿದ ಡೋಸುಗಳು ಎಲ್ಲ ಮುಗಿದವು. ನಾವು ಊರಿಗೆ ಬಂದೆವು. ಅಕ್ಕ ಎರಡು ಸುಗ್ಗಿ ನೋಡಿದಳು, ಮೂರನೆಯದು ನೋಡಲಿಲ್ಲ. ಆ ಒಂದು ವಾರದಿಂದ ಹೆಚ್ಚುಕಡಿಮೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಇರಬಹುದು. ನಾನು ನಂಬಿಲ್ಲ.

ಕೆಳಗಿನ ಮನೆಯ ಹೆಂಗಸಿನ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಸಿಟ್ಟು ಬಂದಾಗ ನೆನಪಾಗುವುದು ಆ ರಿಜಿಸ್ಟರಿನಲ್ಲಿ ನಾನು ಹಾಕಿದ ಮೊದಲ ಸಹಿ. ಮೊದಲನೇ ಮಹಡಿಯ ನಿದ್ದೆ ಕೆಡದಿರಲಿ ಎಂದು ನನ್ನ ಅಕ್ಕನನ್ನು ಮೂರು ದಿನ ಉಪವಾಸ ಕೆಡವಿದ ಸಹಿ. ಗೆರೆ ಬಿಟ್ಟು ಆಚೀಚೆ ಹೋಗದೆ, ದುಂಡಗೆ, ಚಂದಗೆ ಬಂದಿತ್ತು. ಅಕ್ಕ ಬಡಿದ ರೊಟ್ಟಿ ತಿಂದು ಕಲಿತ ಅಕ್ಷರ ಅದು.